ಇಪ್ಪತ್ತು ಇಂಚಿನ ಚಕ್ರ

ಗುರುವಾರ ಬಂತೆಂದರೆ ಕಾರಿನ ಹಿಂದಿನ ಎಡಗಡೆ ಚಕ್ರ ಕೂತುಬಿಟ್ಟಿರುತ್ತಿತ್ತು. ಇದಕ್ಕೆ ಕಾಮಾಕ್ಷಿಪಾಳ್ಯದ ಆ ಮನೆಯ ಇಬ್ಬರು ಹೆಂಗಸರು ಎರಡು ಕಾರಣ ಹೇಳುತ್ತಿದ್ದರು. ಅತ್ತೆ ಲಿಂಗಮ್ಮನ ಪ್ರಕಾರ, ಗುರುವಾರ ತೀರಿಕೊಂಡ ಮಗ ಯಶ್ವಂತ್ ಅವತ್ತು ಬಂದು ಕಾರಲ್ಲಿ ಕೂರುತ್ತಾನೆ, ಅವನ ಭಾರಕ್ಕೆ ಗಾಳಿ ಇಳಿಯುತ್ತದೆ. ಸೊಸೆ ಅನುವಿನ ಪ್ರಕಾರ ಟೈರಿನಲ್ಲಿ ಸೂಜಿಮೊನೆಯಷ್ಟು ತೂತಿದೆ, ತುಂಬಿದ ಗಾಳಿ ಒಂದು ವಾರ ತಡೆಯುತ್ತದೆ. ಮಾವ ಹನುಮಂತಯ್ಯ ಯಾವ ಕಾರಣವನ್ನೂ ಹೇಳುತ್ತಿರಲಿಲ್ಲ. ಬೆಳಿಗ್ಗೆ ಆರಕ್ಕೆ ಕಾಲುಪಂಪು ಹಿಡಿದುಕೊಂಡು ಕೆಳಗೆ ಪೋರ್ಟಿಕೋಗೆ ಹೋಗಿ ಗಾಳಿ ತುಂಬಿ ಬರುತ್ತಿದ್ದರು. ಗುರುವಾರ ತುಂಬಿದ ಗಾಳಿ ಗುರುವಾರವೇ ತಾನೇ ಇಳಿಯುವುದು? ಆದರೆ ಸಾವಾದ ಮನೆಯಲ್ಲಿ ಅಂಥ ಪ್ರಶ್ನೆ ಯಾರೂ ಕೇಳುವುದಿಲ್ಲ.

ಕಪ್ಪು ಬಣ್ಣದ ಎಸ್‌ಯುವಿ ಅದು. ಕಂಪನಿಯವರು ಕೊಟ್ಟದ್ದು ಹದಿನೇಳು ಇಂಚಿನ ಚಕ್ರ. ಯಶ್ವಂತ್ ಕೊಂಡ ವರ್ಷವೇ ಅವನ್ನು ಬಿಚ್ಚಿಸಿ ಇಪ್ಪತ್ತು ಇಂಚಿನ ಅಲಾಯ್ ಚಕ್ರ ಹಾಕಿಸಿದ್ದ. ಚಕ್ರ ದೊಡ್ಡದಾದಷ್ಟೂ ಅದರ ಸುತ್ತಲಿನ ಟೈರು ತೆಳುವಾಗುತ್ತದೆ. ನೋಡುವುದಕ್ಕೆ ಭರ್ಜರಿ, ನಮ್ಮ ಬೀದಿಯ ಗುಂಡಿಗಳಲ್ಲಿ ಕೂತವರ ಸೊಂಟ ಮಾತ್ರ ಬೇರೆ ಕಥೆ ಹೇಳುತ್ತಿತ್ತು. ಯಶ್ವಂತನ ಲೇತ್ ಕಾರ್ಖಾನೆ ಎರಡು ಬೀದಿ ಆಚೆ, ನಡೆದೇ ಹೋಗುತ್ತಿದ್ದ. ಕಾರು ಹೊರಗೆ ಬರುತ್ತಿದ್ದುದು ಮದುವೆ ಮುಂಜಿಗೆ, ಹಬ್ಬಕ್ಕೆ, ಭಾನುವಾರಕ್ಕೆ. ಏಳು ವರ್ಷದಲ್ಲಿ ಇಪ್ಪತ್ತು ಸಾವಿರ ಕಿಲೋಮೀಟರೂ ಓಡಿರಲಿಲ್ಲ.

ಎರಡು ವರ್ಷದ ಹಿಂದೆ, ಮೇ ತಿಂಗಳ ಮೊದಲ ಮಳೆಯಲ್ಲಿ, ಕೆಂಗೇರಿ ದಾಟಿದ ಮೇಲೆ ಮೈಸೂರು ರಸ್ತೆಯಲ್ಲಿ ಆ ಕಾರು ಜಾರಿ, ಒಂದು ಸುತ್ತು ತಿರುಗಿ, ಡಿವೈಡರಿಗೆ ತಾಗಿ ನಿಂತಿತು. ಯಶ್ವಂತನಿಗೆ ಒಂದು ಗೀರೂ ಆಗಿರಲಿಲ್ಲ. ಏನಾಯಿತೆಂದು ನೋಡಲು ಕೆಳಗಿಳಿದ. ಹಿಂದಿನಿಂದ ಬಂದ ಲಾರಿಯವನಿಗೆ ಮಳೆಯಲ್ಲಿ ಅವನು ಕಾಣಿಸಲಿಲ್ಲ. ಮೂವತ್ತೆಂಟು ವರ್ಷದ ಮಗ ಅಲ್ಲೇ ಹೋದ, ಕಾರಿನಲ್ಲಿ ಒಡೆದದ್ದು ಬಂಪರು ಮಾತ್ರ.

ತಿಥಿಗೆ ಬಂದವರೆಲ್ಲ ಕೈ ತೊಳೆಯುತ್ತಾ ಒಂದೇ ಮಾತು ಹೇಳಿದರು: "ಸ್ಪೀಡಲ್ಲಿ ಹೋಗಿರ್ಬೇಕು ಬಿಡಿ. ಅಂಥಾ ಚಕ್ರ ಹಾಕಿಸ್ಕೊಂಡ್ ಮೇಲೆ ಕಾಲು ಸುಮ್ನಿರತ್ತಾ?" ಯಾರೂ ಅಲ್ಲವೆನ್ನಲಿಲ್ಲ. ಆ ಮಾತು ಮನೆಯೊಳಗೇ ಉಳಿದುಕೊಂಡಿತು. ಅನು ಅದನ್ನು ನಂಬಿದಳು. ಅವಳ ಮಗಳು ಕೀರ್ತನಾ, ಆಗ ಎಂಟು ವರ್ಷ, ಅಮ್ಮನನ್ನು ನೋಡಿ ತಾನೂ ನಂಬಿದಳು.

ಮನೆಯ ನೆಲಮಹಡಿಯಲ್ಲಿ ಒಂದು ಕಾಲಕ್ಕೆ ಹನುಮಂತಯ್ಯನವರ ರಿಸೋಲ್ ಅಂಗಡಿ ಇತ್ತು. ಸವೆದ ಲಾರಿ ಟೈರುಗಳ ಮೈ ಕೆರೆದು, ಹೊಸ ರಬ್ಬರು ಅಂಟಿಸಿ, ಬೇಯಿಸಿ, ಮತ್ತೆ ರಸ್ತೆಗೆ ಕಳಿಸುವ ಕೆಲಸ. ನಲವತ್ತು ವರ್ಷ ಮಾಡಿದರು. ಈಗ ಅದೇ ಜಾಗದಲ್ಲಿ ಗಾರ್ಮೆಂಟ್ಸಿನವರು ಬಾಡಿಗೆಗಿದ್ದಾರೆ. ಬೆಳಗಿನಿಂದ ಸಂಜೆವರೆಗೆ ಹೊಲಿಗೆ ಯಂತ್ರಗಳ ಸದ್ದು. ಅಲ್ಲಿ ಅಂಗಿಯ ಗುಂಡಿಗಳಿಗೆ ಕಾಜಾ ಹಾಕುವ ಮುನಿತಾಯಮ್ಮ ಒಂದು ಮಧ್ಯಾಹ್ನ ಮೆಟ್ಟಿಲು ಹತ್ತಿ ಬಂದು, ಕುಡಿಯಲು ನೀರು ಕೇಳಿ, ಕುಡಿಯದೆ ನಿಂತಳು.

"ಅಜ್ಜಿ, ಬೇಜಾರ್ ಮಾಡ್ಕೋಬೇಡಿ. ನಿಮ್ ಕಾರಲ್ಲಿ ಯಾರೋ ಕೂತಿದ್ರು. ಹಿಂದಿನ ಸೀಟಲ್ಲಿ. ಊಟಕ್ ಬಿಟ್ಟಾಗ ನಾನೇ ನೋಡ್ದೆ."

"ನಮ್ ಹುಡ್ಗನೇ ಕಣಮ್ಮ. ಹೆದ್ರಬೇಡ, ಏನೂ ಮಾಡಲ್ಲ ಅವ್ನು," ಎಂದು ಲಿಂಗಮ್ಮ ಸಮಾಧಾನ ಹೇಳಿ ಕಳಿಸಿದಳು. ಆಮೇಲೆ ಬಾಗಿಲ ಹಿಂದೆ ಸೆರಗು ಬಾಯಿಗಿಟ್ಟುಕೊಂಡು ಅತ್ತಳು.

ಕೂತಿದ್ದವರು ಹನುಮಂತಯ್ಯ. ಲಿಂಗಮ್ಮ ಊಟ ಮಾಡಿ ಅಡ್ಡಾದಾಗ ಅವರು ಇಳಿದು ಹೋಗಿ, ಹಿಂದಿನ ಸೀಟಿನಲ್ಲಿ ಅರ್ಧ ಗಂಟೆ ಕೂತು ಬರುತ್ತಿದ್ದರು. ಯಾಕೆಂದು ಕೇಳಿದ್ದರೆ ಅವರಿಗೂ ಹೇಳಲು ಬರುತ್ತಿರಲಿಲ್ಲ. ಕಾರಿನ ಬಾಗಿಲು ಹಾಕಿಕೊಂಡರೆ ಹೊಲಿಗೆ ಯಂತ್ರದ ಸದ್ದು ಕಡಿಮೆಯಾಗಿ, ಒಂದು ದನಿ ಮಾತ್ರ ಕೇಳಿಸುತ್ತಿತ್ತು: "ಅಪ್ಪಾ, ಒಂದ್ಸಲ ಬಂದು ನೋಡಿ."

ಸೆಪ್ಟೆಂಬರಿನಲ್ಲಿ ಅನುವಿಗೆ ವರ್ಗವಾಯಿತು. ಅವಳು ಸರ್ಕಾರಿ ಪಿಯು ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳುವವಳು. ಬೆಳಿಗ್ಗೆ ತಿಂಡಿಯ ಹೊತ್ತಿಗೆ, ಅಕ್ಕಿರೊಟ್ಟಿ ಮುರಿಯುತ್ತಾ ವಿಷಯ ತೆಗೆದಳು.

"ಮಾವ, ಮಾಗಡಿ ಹತ್ರ ಹಾಕಿದಾರೆ. ದಸರಾ ರಜಾ ಮುಗೀತಿದ್ದಂಗೆ ಹೋಗಿ ರಿಪೋರ್ಟ್ ಮಾಡ್ಕೋಬೇಕು."

"ಬಸ್ಸಿಲ್ವಾ?" ಎಂದಳು ಲಿಂಗಮ್ಮ ಒಲೆಯ ಕಡೆಯಿಂದ.

"ಎರಡು ಬಸ್ ಬದಲಾಯಿಸ್ಬೇಕು ಅತ್ತೆ. ಇವಳನ್ನ ಸುಂಕದಕಟ್ಟೆ ಸ್ಕೂಲಿಗೆ ಬಿಟ್ಟು ಒಂಬತ್ತಕ್ಕೆ ಅಲ್ಲಿರಕ್ಕಾಗಲ್ಲ. ಕಾರ್ ತಗೊಂಡ್ ಹೋಗ್ತೀನಿ."

"ಯಾವ ಕಾರು?"

"ಮನೇಲಿ ಎಷ್ಟ್ ಕಾರಿದೆ ಅತ್ತೆ?"

ಲಿಂಗಮ್ಮ ಕಾವಲಿಯ ಮೇಲಿನ ರೊಟ್ಟಿ ತಿರುವಲಿಲ್ಲ. ಅದು ಸೀದು ಹೊಗೆ ಬಂತು. "ಅವ್ನು ಕೂತ್ಕೊಳ್ಳೋ ಜಾಗ ಕಣೇ ಅದು," ಎಂದಳು.

"ಅದಕ್ಕೇ ಎರಡು ವರ್ಷದಿಂದ ಮುಟ್ಟಿಲ್ಲ. ಈಗ ನನಗೆ ಬೇಕು. ಹೊಸ ಟೈರ್ ಹಾಕಿಸ್ತೀನಿ, ಎಲ್ಲಾ ಕಾಲಕ್ಕೂ ಆಗೋ ಅಂಥದ್ದು. ಆ ದೊಡ್ಡ ಚಕ್ರ ತೆಗೆಸಿ ಕಂಪನಿ ಅಳತೆಗೆ ಬರ್ತೀನಿ."

"ಚಕ್ರ ಮುಟ್ಟಬೇಡ. ನನ್ ಮಗ ಆಸೆಪಟ್ಟು ಹಾಕಿಸಿದ್ದು."

"ಆ ಆಸೇನೇ ಅವ್ರನ್ನ ತಗೊಂಡು ಹೋಗಿದ್ದು ಅತ್ತೆ. ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತ ನಾನು ಅವತ್ತೇ ಬಡ್ಕೊಂಡೆ. ಕೇಳಿದ್ರಾ? ಮಳೇಲಿ ಹಂಗ್ ಓಡಿಸಿದ್ರೆ ಏನಾಗತ್ತೆ?"

"ನೀನ್ ಹೋಗಿ ನೋಡಿದ್ಯಾ ಹೆಂಗ್ ಓಡಿಸ್ದ ಅಂತ?"

"ನಾನು ಆ ಕಾರಲ್ಲಿ ಬರಲ್ಲ," ಎಂದಳು ಕೀರ್ತನಾ. ಈಗ ಅವಳಿಗೆ ಹತ್ತು ವರ್ಷ. ತಟ್ಟೆಯಿಂದ ತಲೆ ಎತ್ತಲಿಲ್ಲ. "ನಂಗೆ ಸ್ಕೂಲ್ ವ್ಯಾನ್ ಗೊತ್ತು ಮಾಡ್ಕೊಡಿ."

ಹನುಮಂತಯ್ಯ ನೀರು ಕುಡಿಯಲು ಹೋಗಿ ಕೆಮ್ಮಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನ ಹಾಗೆ ಅವರ ಕೈ ತಾನಾಗಿ ಹೆಬ್ಬೆರಳನ್ನು ಮುಷ್ಟಿಯೊಳಗೆ ಮುಚ್ಚಿಟ್ಟುಕೊಂಡಿತು. ಯಾರೂ ಗಮನಿಸಲಿಲ್ಲ.

ಅವರ ಹೆಬ್ಬೆರಳಿನ ಕಥೆ ಹೇಳಲೇಬೇಕು. ಲಾರಿ ಟೈರನ್ನು ಪಾಸು ಮಾಡುವಾಗ ಅವರು ಅಳತೆಗೋಲು ಹಿಡಿದವರಲ್ಲ. ಹೆಬ್ಬೆರಳಿನ ಉಗುರನ್ನು ಗ್ರಿಪ್ಪಿನ ಸಂದಿಗೆ ಇಳಿಸಿ, "ಇನ್ನು ಹತ್ ಸಾವಿರ ಓಡತ್ತೆ, ತಗೊಂಡ್ ಹೋಗು," ಎಂದರೆ ಅದು ಹತ್ತು ಸಾವಿರ ಓಡಿಯೇ ಓಡುತ್ತಿತ್ತು. ಮಾಗಡಿ ರಸ್ತೆಯ ಲಾರಿಯವರು ಆ ಉಗುರಿಗೆ ಕೈ ಮುಗಿಯುತ್ತಿದ್ದರು. ಆದರೆ ಲಾರಿ ಟೈರಿಗೆ ಮುಪ್ಪು ಬರುವಷ್ಟು ಬಿಡುವೆಲ್ಲಿ? ವರ್ಷ ಒಂದೂವರೆ ವರ್ಷದಲ್ಲಿ ಸವೆದು ಅಂಗಡಿಗೆ ಬಂದುಬಿಡುತ್ತಿತ್ತು. ಓಡದೆ, ಸವೆಯದೆ, ನಿಂತಲ್ಲೇ ಮುದಿಯಾಗುವ ಟೈರನ್ನು ಅವರು ಜನ್ಮದಲ್ಲಿ ಕಂಡಿರಲಿಲ್ಲ.

ಅಪಘಾತಕ್ಕೆ ಮೂರು ವಾರ ಮುಂಚೆ ಒಂದು ಭಾನುವಾರ ಯಶ್ವಂತ್ ಕೆಳಗಿನಿಂದ ಕೂಗಿದ್ದ. "ಅಪ್ಪಾ, ಒಂದ್ಸಲ ಬಂದು ನೋಡಿ. ನೀರ್ ಬಿದ್ದಿರೋ ಕಡೆ ಗಾಡಿ ಯಾಕೋ ಜಾರತ್ತೆ. ಟೈರ್ ಬದಲಾಯಿಸ್ಬಿಡ್ಲಾ?" ಹನುಮಂತಯ್ಯ ಇಳಿದು ಹೋಗಿ ಕುಕ್ಕುರುಗಾಲಲ್ಲಿ ಕೂತು, ನಾಲ್ಕೂ ಟೈರಿಗೆ ಉಗುರು ಇಳಿಸಿ ನೋಡಿದರು. ಗ್ರಿಪ್ ತುಂಬಾ ಇತ್ತು. ನಗು ಬಂತು ಅವರಿಗೆ. "ಇದ್ನ ಬಿಸಾಕ್ತೀಯೇನೋ? ಇನ್ನೂ ಮೂವತ್ ಸಾವಿರ ಓಡತ್ತೆ. ನಲವತ್ ವರ್ಷ ಟೈರ್ ನೋಡಿರೋ ನನಗೆ ಹೇಳ್ತೀಯಾ? ಶೋಕಿ ಕಡಿಮೆ ಮಾಡ್ಕೋ." ಅಪ್ಪ ಪಾಸು ಮಾಡಿದ ಮೇಲೆ ಮಗ ಟೈರು ಬದಲಾಯಿಸಲಿಲ್ಲ.

ಠಾಣೆಯ ಮುಂದೆ ನಿಂತಿದ್ದ ಕಾರನ್ನು ಬಿಡಿಸಿಕೊಂಡು ಬರಲು ಹೋದದ್ದು ಅವರೇ. ಅಲ್ಲಿ ಟೈರಿನ ಮೈಗೆ ಉಗುರು ಒತ್ತಿದರು, ಸಂದಿಗಲ್ಲ, ಮೈಗೆ. ಉಗುರು ಕಲ್ಲಿಗೆ ತಾಗಿದಂತಾಯಿತು. ಏಳು ವರ್ಷದ ಬಿಸಿಲಿಗೆ ರಬ್ಬರು ಸತ್ತುಹೋಗಿತ್ತು. ಅದೇ ದಿನ ಒಬ್ಬ ಪೊಲೀಸಿನವನು, ಕಾರಿನ ಹಿಂದೆಯೇ ಬರುತ್ತಿದ್ದ ಇನ್ನೊಂದು ಲಾರಿಯ ಡ್ರೈವರನ ಹೇಳಿಕೆ ಓದಿ ಹೇಳಿದ: ಮುಂದಿನ ಕಾರು ನಲವತ್ತರಲ್ಲಿ ನಿಧಾನವಾಗಿ ಹೋಗುತ್ತಿತ್ತು, ಬ್ರೇಕು ಹಾಕಿದ ತಕ್ಷಣ ತಿರುಗಿಬಿಟ್ಟಿತು.

ನಲವತ್ತು. ಆ ಒಂದು ಮಾತನ್ನು ಹನುಮಂತಯ್ಯ ಮನೆಗೆ ತರಲಿಲ್ಲ. ಸ್ಪೀಡಲ್ಲವಾದರೆ ಮತ್ತೇನು ಎಂದು ಕೇಳುತ್ತಾರಲ್ಲ ಎಂಬ ಭಯ. ಮೊದಲ ದಿನ ಹೇಳಲಾಗಲಿಲ್ಲ, ಎರಡನೆಯ ದಿನ ಇನ್ನೂ ಕಷ್ಟವಾಯಿತು. ಹೀಗೆ ಎರಡು ವರ್ಷ ಮಗನ ಹೆಸರಿಗೆ ಮಸಿ ಬಳಿದದ್ದನ್ನು ನೋಡುತ್ತಾ ಕೂತರು. ಅವತ್ತಿನಿಂದ ಮುದ್ದೆ ಉಣ್ಣುವುದು ಬಿಟ್ಟರು. ಬಿಸಿ ಮುದ್ದೆಗೆ ಹೆಬ್ಬೆರಳು ಇಳಿಸಿ ಮುರಿಯಬೇಕಲ್ಲ, ಆಗ ಟೈರಿನ ಸಂದಿಗೆ ಇಳಿಸಿದ ಉಗುರು ನೆನಪಾಗುತ್ತಿತ್ತು. "ಜೀರ್ಣ ಆಗಲ್ಲ" ಎಂದು ಅನ್ನ ಕಲಸಿಕೊಳ್ಳುತ್ತಿದ್ದರು.

ಮಹಾಲಯ ಅಮಾವಾಸ್ಯೆ ಬಂತು. ಲಿಂಗಮ್ಮ ಮೂರು ಗಂಟೆಗೇ ಎದ್ದು ಬಾಡಿನ ಸಾರು, ವಡೆ, ಕಜ್ಜಾಯ, ಎಲ್ಲ ಮಾಡಿದಳು. ಹೊಸ ಶರ್ಟು, ಪಂಚೆ ತರಿಸಿದ್ದಳು. ಪದ್ಧತಿಯಂತೆ ಫೋಟೊದ ಮುಂದೆ ಎಡೆ ಇಡಬೇಕು. ಈ ಸಲ ಅವಳು ಎಲೆ ಎತ್ತಿಕೊಂಡು ಮೆಟ್ಟಿಲಿಳಿದಳು.

"ಎಲ್ಲಿಗ್ ಅತ್ತೆ?"

"ಕಾರಿಗೆ. ಅವ್ನು ಅಲ್ಲೇ ತಾನೆ ಇರೋದು. ನಾಳೆ ನೀನು ಅವನನ್ನ ಎಬ್ಬಿಸ್ತೀಯಲ್ಲ, ಇವತ್ತಾದ್ರೂ ಅಲ್ಲೇ ಕೂತು ಉಣ್ಲಿ."

ಡ್ರೈವರ್ ಸೀಟಿನ ಮೇಲೆ ಎಲೆ ಹಾಸಿದಳು. ಮಳೆ ಹನಿಯುತ್ತಿತ್ತು. ಕೆಳಗಿನ ಯಂತ್ರಗಳು ಅವತ್ತು ರಜೆ, ಬೀದಿಯೇ ಸತ್ತುಹೋದಂತಿತ್ತು. ಸಾಂಬ್ರಾಣಿ ಹೊಗೆ ಕಾರಿನೊಳಗೆ ತುಂಬಿ, ಗಾಜಿನ ಒಳಮೈಯೆಲ್ಲ ಮಂಜಾಯಿತು. ಆ ಮಂಜಿನ ಹಿಂದೆ ಸೀಟಿನ ತಲೆದಿಂಬು ಒಬ್ಬ ಮನುಷ್ಯನ ತಲೆಯ ಹಾಗೇ ಕಂಡಿತು. ಅನು ಕೂಡ ಒಂದು ಹೆಜ್ಜೆ ಹಿಂದೆ ಸರಿದಳು. ಅವಳು ಇಂಥದ್ದನ್ನೆಲ್ಲ ನಂಬುವವಳಲ್ಲ.

"ಬಾ ಮಗ, ಅಪ್ಪಂಗೆ ಅಡ್ಡಬೀಳು," ಎಂದಳು ಲಿಂಗಮ್ಮ.

ಕೀರ್ತನಾ ಕೈ ಕಟ್ಟಿಕೊಂಡು ನಿಂತಳು. "ನಾನ್ ಬೀಳಲ್ಲ."

"ಯಾಕೆ?"

"ಅಪ್ಪ ಯಾಕ್ ಅಷ್ಟ್ ಸ್ಪೀಡಾಗ್ ಹೋದ್ರು? ಮನೇಲಿ ನಾನಿದೀನಿ ಅಂತ ಗೊತ್ತಿರ್ಲಿಲ್ವಾ?"

ಲಿಂಗಮ್ಮ ಸೊಸೆಯ ಕಡೆ ತಿರುಗಿದಳು. "ನೋಡು, ಏನ್ ಹೇಳ್ಕೊಟ್ಟಿದೀಯ ಅಂತ!"

"ನಾನ್ ಹೇಳ್ಕೊಟ್ಟಿಲ್ಲ ಅತ್ತೆ. ಅವಳೇ ಕೇಳ್ತಿದಾಳೆ. ನಂಗೂ ಉತ್ತರ ಗೊತ್ತಿಲ್ಲ."

ಉತ್ತರ ಗೊತ್ತಿದ್ದವರು ಸಾಂಬ್ರಾಣಿ ತಟ್ಟೆ ಹಿಡಿದು ನಿಂತಿದ್ದರು. ಬಾಯಿ ತೆರೆದರು, "ಅದು..." ಎಂದರು. ಲಿಂಗಮ್ಮ ತಟ್ಟನೆ ಅವರ ಕೈಯಿಂದ ತಟ್ಟೆ ಕಿತ್ತುಕೊಂಡು, "ನಿಮ್ಗೆ ಹೊಗೆ ಆಗಲ್ಲ, ಮೇಲೆ ಹೋಗಿ," ಎಂದಳು. ಹೋದರು. ಹೇಡಿಗೆ ಅಷ್ಟು ನೆಪ ಸಾಕಲ್ಲ!

ನಾಲ್ಕು ದಿನದ ಮೇಲೆ ಅನು ಹೊಸ ಬ್ಯಾಟರಿ ಹಾಕಿಸಿ ಕಾರನ್ನು ಬಸವೇಶ್ವರನಗರದ ಟೈರ್ ಅಂಗಡಿಗೆ ಒಯ್ದಳು. ಅಂಗಡಿಯ ಗೋಪೀನಾಥ ಹಿಂದೆ ಹನುಮಂತಯ್ಯನವರ ಬಳಿಯೇ ಟೈರು ಕೆರೆಯುತ್ತಿದ್ದವನು. "ಮಾವ, ನೀವೂ ಬನ್ನಿ, ನಿಮಗೆ ತಿಳಿಯತ್ತೆ," ಎಂದು ಅವಳು ಕರೆದಾಗ ಇಲ್ಲವೆನ್ನಲು ಅವರಿಗೆ ಕಾರಣ ಸಿಗಲಿಲ್ಲ. ಒಣ ಹವೆಯಲ್ಲಿ ಇಪ್ಪತ್ತರ ವೇಗದಲ್ಲಿ ಹೋದರೂ ದಾರಿಯುದ್ದಕ್ಕೂ ಸೀಟಿನ ಅಂಚು ಹಿಡಿದುಕೊಂಡಿದ್ದರು.

"ಯಜಮಾನ್ರೇ! ಬನ್ನಿ ಬನ್ನಿ," ಎಂದು ಗೋಪೀನಾಥ ಕುರ್ಚಿ ಒರೆಸಿದ. ಅನು ಮೊಬೈಲು ತೆಗೆದು ತಾನು ನೋಡಿದ್ದ ವೀಡಿಯೊ ತೋರಿಸಿದಳು. ಅದರಲ್ಲಿ ಅಮೆರಿಕದ ಒಬ್ಬ ಗಡ್ಡದವನು ಹಿಮದ ಮೇಲೆ ಇಂಥದ್ದೇ ದೊಡ್ಡ ಚಕ್ರದ ಗಾಡಿ ಓಡಿಸುತ್ತಿದ್ದ.

"ಈ ಆಲ್ ಸೀಸನ್ ಟೈರ್ ಇದೆಯಾ?"

"ಅಕ್ಕ, ಕಾಮಾಕ್ಷಿಪಾಳ್ಯದಲ್ಲಿ ಹಿಮ ಬಿದ್ರೆ ನಾನೇ ಫೋನ್ ಮಾಡ್ತೀನಿ," ಎಂದು ಗೋಪೀನಾಥ ನಕ್ಕ. "ನಮ್ ಬೆಂಗಳೂರಿಗೆ ಮೂರೇ ಸೀಸನ್. ಬಿಸಿಲು, ಮಳೆ, ರಸ್ತೆಗುಂಡಿ. ಮೂರನ್ನೂ ತಡೆಯೋ ಟೈರ್ ಬೇಕು ಅಂದ್ರೆ ಇಪ್ಪತ್ತು ಇಂಚು ಮರೆತುಬಿಡಿ. ಆ ಅಳತೆಗೆ ಸಿಗೋದೇ ಎರಡೋ ಮೂರೋ, ಎಲ್ಲಾ ತೆಳು. ಗುಂಡಿಗೆ ಬಿದ್ರೆ ಪಕ್ಕ ಸೀಳತ್ತೆ, ಅಗಲ ಜಾಸ್ತಿ ಇರೋದ್ರಿಂದ ನಿಂತ ನೀರಲ್ಲಿ ತೇಲತ್ತೆ. ಹದಿನೇಳಕ್ಕೆ ಬನ್ನಿ. ಟೈರ್ ಗೋಡೆ ದಪ್ಪ ಇರತ್ತೆ. ಮಳೇಲಿ ಹಿಡ್ಕೊಳ್ಳೋ ಅಂಥದ್ದು ಒಳ್ಳೇದ್ ಕೊಡ್ತೀನಿ. ಯಾವ್ದೇ ತಗೊಂಡ್ರೂ ಇದೊಂದ್ ನೋಡಿ ತಗೊಳ್ಳಿ."

ಹೊಸ ಟೈರಿನ ಪಕ್ಕದ ಮೇಲೆ ಬೆರಳಿಟ್ಟು ನಾಲ್ಕು ಅಂಕಿ ತೋರಿಸಿದ. "ಮೊದಲ ಎರಡು ವಾರ, ಆಮೇಲಿನ ಎರಡು ಇಸವಿ. ಟೈರ್ ಹುಟ್ಟಿದ ದಿನ ಅದು. ಐದಾರು ವರ್ಷ ಆಯ್ತು ಅಂದ್ರೆ ಗ್ರಿಪ್ ಎಷ್ಟೇ ಇರ್ಲಿ, ಬಿಸಾಕ್ಬೇಕು. ರಬ್ಬರ್ ಗಟ್ಟಿ ಆಗೋಗತ್ತೆ. ಮೊದಲನೇ ಮಳೆಗೆ ಸೋಪ್ ಮೇಲೆ ಹೋದಂಗೆ."

ಅನು ಎದ್ದು ಹೋಗಿ ತಮ್ಮ ಕಾರಿನ ಮುಂಚಕ್ರದ ಬಳಿ ಕೂತಳು. ಸೀರೆಯ ಅಂಚಿನಿಂದ ಧೂಳು ಒರೆಸಿದಳು. "ಮೂವತ್ತೆರಡು, ಹದಿನಾರು," ಎಂದು ಓದಿದಳು. "ಎರಡು ಸಾವಿರದ ಹದಿನಾರು. ಅವತ್ತಿಗೆ ಏಳು ವರ್ಷ ಆಗಿತ್ತು."

ಗೋಪೀನಾಥ ಬಗ್ಗಿ ಟೈರಿಗೆ ಉಗುರು ಒತ್ತಿ ನೋಡಿದ. "ಅಯ್ಯೋ, ಕಲ್ಲು! ಯಾರ್ರೀ ಇದನ್ನ ಪಾಸ್ ಮಾಡಿ..." ಎಂದವನು ಅಲ್ಲಿಗೇ ನಿಂತ. ಆ ಮನೆಯಲ್ಲಿ ಟೈರು ಪಾಸು ಮಾಡುವವರು ಯಾರೆಂದು ಅವನಿಗೆ ಗೊತ್ತಿರದೆ ಇನ್ಯಾರಿಗೆ ಗೊತ್ತಿರಬೇಕು? ಕುರ್ಚಿಯ ಕಡೆ ನೋಡಿದ. ಹನುಮಂತಯ್ಯ ನೆಲ ನೋಡುತ್ತಿದ್ದರು. ಗೋಪೀನಾಥ ಬೇಗ ಬೇಗ ಮಾತು ತಿರುಗಿಸಿದ. "ಯಾರಿಗೂ ಗೊತ್ತಾಗಲ್ಲ ಅಕ್ಕ. ಓಡ್ಸೋರು ಗ್ರಿಪ್ ನೋಡ್ತಾರೆ, ಅಷ್ಟೆ. ಕಾಫಿ ತರಿಸ್ಲಾ?"

"ನಮ್ಮನೆಯವರಿಗೆ ಗೊತ್ತಾಗ್ಬೇಕಿತ್ತು," ಎಂದಳು ಅನು. "ಶೋಕಿಗೆ ಚಕ್ರ ಹಾಕಿಸಕ್ಕೆ ಗೊತ್ತಾಯ್ತು. ಟೈರ್ ಬದಲಾಯಿಸಕ್ಕೆ ಗೊತ್ತಾಗ್ಲಿಲ್ಲ. ಎಂಥಾ ಮನುಷ್ಯ!"

ಕಾರನ್ನು ಅಲ್ಲೇ ಬಿಟ್ಟು, ಚಕ್ರ ಯಾವುದೆಂದು ಎರಡು ದಿನದಲ್ಲಿ ತಿಳಿಸುತ್ತೇವೆಂದು ಹೇಳಿ, ಆಟೋದಲ್ಲಿ ಮನೆಗೆ ಬಂದರು.

ಮಧ್ಯಾಹ್ನದ ಊಟಕ್ಕೆ ಹುರುಳಿಕಾಳು ಸಾರು. ಕೀರ್ತನಾಳ ಸ್ಕೂಲಿಗೆ ರಜೆ ಇನ್ನೂ ಶುರುವಾಗಿರಲಿಲ್ಲ, ಅವಳು ಹೋಗಿದ್ದಳು. ಅನು ಅತ್ತೆಗೆ ಎಲ್ಲ ಹೇಳಿದಳು, ಟೈರಿನ ಇಸವಿ, ಕಲ್ಲಾದ ರಬ್ಬರು, ಎಲ್ಲ. "ಹೆಂಡ್ತಿ ಮಗು ಕೂರೋ ಗಾಡಿ ಅಂತ ಒಂದ್ ದಿನ ಬಗ್ಗಿ ನೋಡ್ಲಿಲ್ಲ ಅತ್ತೆ ನಿಮ್ ಮಗ. ಅದರ ಮೇಲೆ ಸ್ಪೀಡ್ ಬೇರೆ."

"ಸಾಕ್ ಮಾಡು ಅನು. ಸತ್ತೋನನ್ನ ಇನ್ನೆಷ್ಟ್ ಸಲ ಸಾಯಿಸ್ತೀಯ?"

"ನೋಡಿದ್ದ," ಎಂದರು ಹನುಮಂತಯ್ಯ.

ಇಬ್ಬರೂ ಅವರ ಕಡೆ ತಿರುಗಿದರು.

"ಬಗ್ಗಿ ನೋಡಿದ್ದ. ಜಾರತ್ತೆ, ಬದಲಾಯಿಸ್ಲಾ ಅಂತ ನನ್ನ ಕೇಳಿದ್ದ. ನಾನೇ ಬೇಡ ಅಂದೆ."

"ಏನ್ರೀ, ಸುಮ್ನಿರಿ," ಎಂದಳು ಲಿಂಗಮ್ಮ. "ಅನ್ನ ಹಾಕ್ಲಾ? ತಲೆ ಕೆಟ್ಟಿದೆ ಇವ್ರಿಗೆ, ಬಿಸಿಲಲ್ಲಿ ಹೋಗಿ ಬಂದಿದಾರೆ."

"ಗ್ರಿಪ್ ಇದೆ, ಮೂವತ್ ಸಾವಿರ ಓಡತ್ತೆ ಅಂದೆ. ಶೋಕಿ ಕಡಿಮೆ ಮಾಡ್ಕೋ ಅಂತ ಬೈದೆ. ಅವನು ಸ್ಪೀಡಲ್ಲೂ ಇರ್ಲಿಲ್ಲ ಕಣಮ್ಮ. ಹಿಂದೆ ಬರ್ತಿದ್ದ ಇನ್ನೊಬ್ಬ ಲಾರಿಯೋನು ಠಾಣೇಲಿ ಹೇಳಿದಾನೆ, ನಲವತ್ತರಲ್ಲಿದ್ದ ಅಂತ. ನಾನು ಕೇಳ್ಕೊಂಡು ಬಂದೆ. ಬಂದು ಸುಮ್ನಾದೆ."

ಅನು ತಟ್ಟೆ ದೂರ ಸರಿಸಿದಳು. ಕೆಳಗೆ ಯಂತ್ರಗಳು ಓಡುತ್ತಿದ್ದವು.

"ಅತ್ತೆ, ನಿಮಗೆ ಗೊತ್ತಿತ್ತಾ?"

ಲಿಂಗಮ್ಮ ಸೌಟನ್ನು ಪಾತ್ರೆಯೊಳಗೆ ಬಿಟ್ಟಳು. "ಸ್ಪೀಡ್ ವಿಷ್ಯ ಗೊತ್ತಿರ್ಲಿಲ್ಲ. ಟೈರ್ ನೋಡಿದ್ದು ಗೊತ್ತಿತ್ತು. ಅವತ್ತು ಕಾಫಿ ಹಿಡ್ಕೊಂಡು ಅಲ್ಲೇ ನಿಂತಿದ್ದೆ."

"ಮತ್ತೆ ಎರಡು ವರ್ಷ..."

"ಒಬ್ಬನ್ನ ಕಳ್ಕೊಂಡಿದ್ದೆ ಕಣೇ. ಈ ಮಾತು ಆಚೆ ಬಂದ್ರೆ ಇವ್ರೂ ಹೋಗ್ತಾರೆ ಅನ್ನಿಸ್ತು. ಬಾವಿ ಹತ್ರ, ಮಹಡಿ ಹತ್ರ ಹೋದ್ರೂ ನಾನು ಹಿಂದೇನೇ ಹೋಗ್ತಿದ್ದೆ."

ಅನು ಎದ್ದು ಕೈ ತೊಳೆದುಕೊಂಡು ಕೋಣೆಗೆ ಹೋದಳು. ಬಾಗಿಲು ಹಾಕಿದ ಮೇಲೆ ಅವಳು ಅತ್ತದ್ದು ಇಬ್ಬರಿಗೂ ಕೇಳಿಸಿತು. ಗಂಡ ಸತ್ತಾಗಲೂ ಅವಳು ಹೀಗೆ ಅತ್ತಿರಲಿಲ್ಲ. ಆಗ ಅವಳಿಗೆ ಅಳುವುದಕ್ಕೆ ಸಿಟ್ಟು ಬಿಟ್ಟಿರಲಿಲ್ಲ. ಮಳೆಯಲ್ಲಿ ಎಚ್ಚರವಾಗಿ, ನಿಧಾನವಾಗಿ ಮನೆಗೆ ಬರುತ್ತಿದ್ದ ಗಂಡನನ್ನು ಎರಡು ವರ್ಷ ಬೈದಿದ್ದಳು. ಆ ಬೈಗುಳವನ್ನೆಲ್ಲ ಈಗ ಯಾರ ಹತ್ತಿರ ವಾಪಸು ತೆಗೆದುಕೊಳ್ಳುವುದು?

ನಾಲ್ಕು ದಿನ ಅವಳು ಮಾವನ ಜೊತೆ ಮಾತಾಡಲಿಲ್ಲ. ತಟ್ಟೆ ಇಡುತ್ತಿದ್ದಳು, ಬಡಿಸುತ್ತಿದ್ದಳು, ಬಿಪಿ ಮಾತ್ರೆ ಲೋಟದ ಪಕ್ಕ ಇಡುತ್ತಿದ್ದಳು, ಮುಖ ಮಾತ್ರ ನೋಡುತ್ತಿರಲಿಲ್ಲ. ಕಾರಿಲ್ಲದ ಪೋರ್ಟಿಕೋದಲ್ಲಿ ನಾಲ್ಕು ಚಕ್ರದ ಗುರುತು ಕಪ್ಪಗೆ ಉಳಿದಿತ್ತು. ಲಿಂಗಮ್ಮ ಎರಡು ಸಲ ತಿಕ್ಕಿ ತೊಳೆದರೂ ಅದು ಹೋಗಲಿಲ್ಲ. ಗುರುವಾರ ಬೆಳಿಗ್ಗೆ ಹನುಮಂತಯ್ಯ ಅಭ್ಯಾಸಬಲದಿಂದ ಪಂಪು ಹಿಡಿದು ಇಳಿದು, ಖಾಲಿ ಜಾಗದ ಮುಂದೆ ನಿಂತರು. "ಅಪ್ಪಾ, ಒಂದ್ಸಲ ಬಂದು ನೋಡಿ" ಅಲ್ಲೂ ಕೇಳಿಸಿತು. ದನಿ ಇದ್ದದ್ದು ಕಾರಿನಲ್ಲಲ್ಲ ಎಂದು ಅವತ್ತು ಅವರಿಗೆ ಖಾತ್ರಿಯಾಯಿತು. ಹೇಳಿಬಿಟ್ಟರೆ ಹಗುರಾಗುತ್ತದೆ ಎಂದು ಲೋಕ ಹೇಳುತ್ತದೆ. ಅವರಿಗೆ ಹಾಗೇನೂ ಆಗಲಿಲ್ಲ.

ಐದನೆಯ ದಿನ ಗೋಪೀನಾಥನ ಫೋನು. ಅನು ಫೋನು ಕೈಯಲ್ಲಿ ಹಿಡಿದೇ ಅತ್ತೆಯ ಬಳಿ ಬಂದಳು. "ಚಕ್ರ ಯಾವ್ದು ಅಂತ ಕೇಳ್ತಿದಾನೆ ಅತ್ತೆ. ನೀವೇ ಹೇಳಿ."

ಲಿಂಗಮ್ಮ ಸೊಪ್ಪು ಸೋಸುತ್ತಾ ಕೂತಿದ್ದಳು. "ಹದಿನೇಳೇ ಹಾಕ್ಸು. ಮಗು ಕೂರತ್ತೆ."

"ಆ ದೊಡ್ಡದು?"

"ಮಾರ್ಬೇಡ. ಇನ್ನೊಬ್ರ ಮನೆ ಹುಡುಗ ಹಾಕ್ಕೊಳ್ಳೋದ್ ಬೇಡ."

ಅನು ಮೊದಲ ಸಲ ಮಾವನ ಕಡೆ ತಿರುಗಿದಳು. "ಟೈರ್ ಹುಟ್ಟಿದ ದಿನ ನಾನೇ ನೋಡ್ಕೊಂಡು ಬರ್ತೀನಿ," ಎಂದಳು. ಹನುಮಂತಯ್ಯ ತಲೆಯಾಡಿಸಿದರು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು, ಈ ಮಾತು ಅದಕ್ಕಿಂತ ಆಳಕ್ಕೆ ಹೋಯಿತು.

ಆಯುಧಪೂಜೆಯ ಬೆಳಿಗ್ಗೆ ಕಾರು ತೊಳೆದು, ಬಾಳೆಕಂದು ಕಟ್ಟಿ, ನಾಲ್ಕು ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟರು. ಹೊಸ ಟೈರು ದಪ್ಪಗೆ, ಸಾಧಾರಣವಾಗಿ ಕಾಣುತ್ತಿತ್ತು. ಬೀದಿಯವರು ಯಾರೂ ಎರಡನೆಯ ಸಲ ತಿರುಗಿ ನೋಡುವಂಥದ್ದಲ್ಲ. ಪೂಜೆ ಮುಗಿದ ಮೇಲೆ ದೇವಸ್ಥಾನದವರೆಗೆ ಒಂದು ಸುತ್ತು ಹೋಗಿಬರಬೇಕು. ಲಿಂಗಮ್ಮ ಹಿಂದೆ ಹತ್ತಿ ಕೂತಳು. ಅನು ಸ್ಟೀರಿಂಗ್ ಹಿಡಿದಳು. ಕೀರ್ತನಾ ಲಂಗದ ನೆರಿಗೆ ಹಿಡಿದುಕೊಂಡು ಮೆಟ್ಟಿಲ ಮೇಲೆ ನಿಂತೇ ಇದ್ದಳು.

"ಬಾ ಕೀರ್ತು."

"ನಾನ್ ಬರಲ್ಲ ಅಂದ್ನಲ್ಲ."

ಅನು ಕೆಳಗಿಳಿದು ಮಾವನ ಹತ್ತಿರ ಬಂದಳು. ದನಿ ಎತ್ತರಿಸಲಿಲ್ಲ. "ನನಗೆ ಹೇಳಿದ್ರಿ. ಅದು ಸಾಲದು ಮಾವ. ಇವಳಿಗೂ ನೀವೇ ಹೇಳಿ. ನಾನ್ ಹೇಳಲ್ಲ."

"ಮಗು ಕಣಮ್ಮ ಅದು."

"ಆ ಮಗು ಅಪ್ಪಂಗೆ ಅಡ್ಡಬೀಳ್ತಿಲ್ಲ."

ಕಾರಿನೊಳಗಿಂದ ಲಿಂಗಮ್ಮ ನೋಡುತ್ತಿದ್ದಳು. ಈ ಸಲ ತಡೆಯಲು ಇಳಿಯಲಿಲ್ಲ.

ಹನುಮಂತಯ್ಯ ಮೆಟ್ಟಿಲ ಮೇಲೆ ಕೂತರು. ಮೊಮ್ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡರು. ಹೇಳಿದರು. ಮಕ್ಕಳಿಗೆ ಹೇಳುವಂತೆ ಸುತ್ತಿ ಬಳಸಿ ಹೇಳಲು ನೋಡಿದರು, ಆಗಲಿಲ್ಲ. ಇದ್ದದ್ದನ್ನು ಇದ್ದ ಹಾಗೇ ಹೇಳಿದರು. ಟೈರು ಮುದಿಯಾಗಿತ್ತು, ಅಪ್ಪನಿಗೆ ಅನುಮಾನ ಬಂದಿತ್ತು, ತಾತ ಗೊತ್ತಿಲ್ಲದೆ ಗೊತ್ತಿದೆ ಅಂದರು. ಅಪ್ಪ ನಿಧಾನವಾಗಿ ಬರುತ್ತಿದ್ದರು. ಅದು ಗೊತ್ತಾದ ಮೇಲೂ ತಾತ ಯಾರಿಗೂ ಹೇಳಲಿಲ್ಲ.

ಎಲ್ಲ ಕೇಳಿಸಿಕೊಂಡ ಮೇಲೆ ಕೀರ್ತನಾ ಕೇಳಿದಳು: "ಅಪ್ಪ ಸ್ಪೀಡಾಗ್ ಹೋಗ್ಲೇ ಇಲ್ವಾ?"

"ಇಲ್ಲ ಮಗಳೇ. ನಿನ್ನ ನೋಡಕ್ಕೆ ಹುಷಾರಾಗೇ ಬರ್ತಿದ್ದ."

"ನಂಗೆ ಅಪ್ಪನ ಮೇಲೆ ತುಂಬಾ ಕೋಪ ಇತ್ತು ತಾತ."

"ಗೊತ್ತು."

"ಈಗ ಅದನ್ನ ಬಿಟ್ಬಿಡ್ಲಾ?"

"ಬಿಟ್ಬಿಡಮ್ಮ."

ಮಗು ತಾತನ ಮುಖ ನೋಡಿತು. "ನಿಮ್ಮ ಮೇಲೆ ಮಾಡ್ಕೊಳ್ಳಲಾ?"

"ಮಾಡ್ಕೋ," ಎಂದರು ಹನುಮಂತಯ್ಯ.

ಕೀರ್ತನಾ ಎದ್ದು ಹೋಗಿ ಮುಂದಿನ ಸೀಟು ಹತ್ತಿ ಬಾಗಿಲು ಹಾಕಿಕೊಂಡಳು. ನಿಂಬೆಹಣ್ಣುಗಳು ಪಚಕ್ಕೆಂದವು. ಕಾರು ಬೀದಿಗೆ ಇಳಿದು ತಿರುಗುವಾಗ ಹನುಮಂತಯ್ಯ ಕೈ ಬೀಸಿದರು. ಅವಳು ನೋಡಿದಳು, ಕೈ ಬೀಸಲಿಲ್ಲ.